ಬಿಟ್ಟ ಹೆಸರಿಗೆ ಬಂದ ಪತ್ರ

ನದಿ ಬಾಗುವ ಜಾಗದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಸೇರಬೇಕೆನ್ನುವವರು ಮೊದಲು ಸಾಯಬೇಕಿತ್ತು.

ತಲೆ ಬೋಳಿಸಿಕೊಂಡು, ತನ್ನ ತಿಥಿಯನ್ನು ತಾನೇ ಮಾಡಿ, ಹಳೆಯ ಹೆಸರನ್ನು ನೀರಿಗೆ ಬಿಟ್ಟು ಮೇಲೆ ಬರಬೇಕು. ದಡದಲ್ಲಿ ಗುರುಗಳು ಹೊಸ ಹೆಸರು ಹಿಡಿದು ಕಾದಿರುತ್ತಾರೆ. ಮನೆಯವರಿಗೆ ತಿಳಿಸುವ ಪದ್ಧತಿ ಇಲ್ಲ. ಸತ್ತವನು ಹೇಳಿ ಹೋಗುತ್ತಾನೆಯೇ?

ಬಿಳಿಗಿರಿ ಎಂಬುವನು ಹೀಗೆ ಸತ್ತು ನಿಶ್ಚಲನಾದ. ಹೆಸರು ಬಿಟ್ಟರೆ ಹಂಗೂ ಬಿಟ್ಟಿತೆಂದು ನಂಬಿದ. ಹಾಗೆ ನಂಬುವುದು ಸುಲಭ. ಅನ್ನ ಬೇಯಿಸಿಟ್ಟು ಬಾಗಿಲು ನೋಡುತ್ತಾ ಕೂರುವವರು ಬೇರೆ ಯಾರೋ ಆಗಿರುತ್ತಾರೆ.

ಆಶ್ರಮಕ್ಕೆ ಸ್ವಂತ ಮೇಲ್ ಸರ್ವರ್ ಇತ್ತು. ಅದನ್ನು ನೋಡಿಕೊಳ್ಳುವ ಕೆಲಸ ನಿಶ್ಚಲನದು. ಯಾವ ಹೆಸರಿಗೆ ಬಂದ ಪತ್ರ ಯಾರ ಪೆಟ್ಟಿಗೆಗೆ ತಿರುಗಬೇಕೆಂದು ಅವನು ಸಾಲು ಸಾಲಾಗಿ ಬರೆದಿಟ್ಟಿದ್ದ. ಎಡಕ್ಕೆ ಬರುವ ಹೆಸರು, ಬಲಕ್ಕೆ ತಲುಪುವ ಜಾಗ. ಅಂಥ ಸಾಲಿಗೆ ಅಲಿಯಾಸ್ ಎನ್ನುತ್ತಾರೆ. ಶಿಷ್ಯರ ಹೊಸ ಹೆಸರುಗಳಿಗೆಲ್ಲ ಒಂದೊಂದು ಸಾಲು ಇತ್ತು. ಆಶೀರ್ವಾದ ಬೇಡಿ ಬಂದದ್ದೂ ದೇಣಿಗೆ ಕೊಡುತ್ತೇವೆಂದು ಬಂದದ್ದೂ ಮಾತ್ರ ಒಂದೇ ಪೆಟ್ಟಿಗೆಗೆ ಬೀಳುತ್ತಿದ್ದವು.

ಸಾಲಿನಲ್ಲಿ ಇಲ್ಲದ ಹೆಸರಿಗೆ ಪತ್ರ ಬಂದರೆ ಯಂತ್ರವೇ ಉತ್ತರ ಕಳಿಸುತ್ತಿತ್ತು: ಈ ಹೆಸರಿನವರು ಇಲ್ಲಿ ಯಾರೂ ಇಲ್ಲ. ಆ ವಾಕ್ಯವನ್ನು ಬರೆದಿಟ್ಟವನೂ ನಿಶ್ಚಲನೇ. ಹಾಗೆ ಹಿಂದಿರುಗಿದ ಪತ್ರದ ನಕಲು ಅವನಿಗೂ ಬರುತ್ತಿತ್ತು.

ಒಂದು ದಿನ ಬಿಳಿಗಿರಿಗೆ ಪತ್ರ ಬಂತು.

ಬರೆದವಳು ಅಕ್ಕ ಮಂಚಮ್ಮ. ಅಂಗನವಾಡಿಯ ಮಕ್ಕಳ ತೂಕವನ್ನು ಫೋನಿನಲ್ಲಿ ಬರೆದು ಕಳಿಸಿ ಕಳಿಸಿ ಅವಳ ಕೈ ಪಳಗಿತ್ತು. ಯಾತ್ರೆ ಮುಗಿಸಿ ಬಂದ ಊರವರು ಯಾರೋ, ನಿನ್ನ ತಮ್ಮನಂಥವನನ್ನು ಆ ಆಶ್ರಮದಲ್ಲಿ ಕಂಡೆವು ಎಂದಿದ್ದರು. ಆಶ್ರಮಕ್ಕೆ ಫೋನ್ ಮಾಡಿ ಕೇಳಿದರೆ, ಹಿಂದಿನ ಹೆಸರನ್ನು ನಾವು ಕೇಳುವುದೂ ಇಲ್ಲ ಹೇಳುವುದೂ ಇಲ್ಲ ಎಂದು ಇಟ್ಟುಬಿಟ್ಟರು. ಊರವರು ತಂದಿದ್ದ ಕರಪತ್ರದಲ್ಲಿ ಆಶ್ರಮದ ಮೇಲ್ ವಿಳಾಸವಿತ್ತು. ಅದರ ಮುಂಭಾಗಕ್ಕೆ ತಮ್ಮನ ಹೆಸರು ಹಾಕಿ ಕಳಿಸಿದ್ದಳು.

"ಬಿಳಿ, ಮಾರ್ಲಾಮಿ ಅಮಾಸೆ ಬತ್ತಾ ಅದೆ. ಹಿರೀಕರ ಜೊತೆ ನಿಂಗೂ ಎಡೆ ಇಡದಾ ಬ್ಯಾಡ್ವಾ ಅಂತ ಅವ್ವ ಕೇಳ್ತಾಳೆ. ಬದುಕಿರೋನ್ಗೆ ಇಟ್ರೆ ಕೇಡು, ಸತ್ತೋನ್ಗೆ ಇಡ್ದಿದ್ರೆ ಪಾಪ. ಇದೀನಿ ಅಂತ ಒಂದು ಮಾತು ಬರಿ. ಬಾ ಅನ್ನಲ್ಲ."

ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಿತು ಯಂತ್ರ.

ಮರುದಿನ ಅದೇ ಪತ್ರ ಶಾಂತಾನಂದನಿಗೆ ಬಂತು. ಆ ಹೆಸರಿನವನು ಆಶ್ರಮದಲ್ಲಿ ಇರಲಿಲ್ಲ. ಆಮೇಲೆ ವಿಮಲಾನಂದನಿಗೆ ಬಂತು. ಅವನೂ ಇರಲಿಲ್ಲ. ಇಲ್ಲಿ ಹೆಸರು ಬದಲಿಸುತ್ತಾರೆಂದು ಮಂಚಮ್ಮ ಕೇಳಿ ತಿಳಿದಿದ್ದಳು, ಯಾವ ಹೆಸರೆಂದು ತಿಳಿಯದು. ಕುರುಡರು ಗೋಡೆ ತಡವಿದಂತೆ ಒಂದೊಂದೇ ಹೆಸರು ತಡವುತ್ತಿದ್ದಳು.

ಹುಟ್ಟದೇ ಇದ್ದ ಸನ್ಯಾಸಿಗಳು ಒಬ್ಬೊಬ್ಬರಾಗಿ ಬಂದು ನಿಶ್ಚಲನ ಪರದೆಯ ಮೇಲೆ ನಿಂತರು. ಎಲ್ಲರ ಕೈಯಲ್ಲೂ ಅದೇ ಪತ್ರ. ದಿನದ ಕೊನೆಗೆ, ಇವತ್ತಾದರೂ ಇದ್ದಾನೋ ಎಂಬಂತೆ, ಮತ್ತೊಮ್ಮೆ ಬಿಳಿಗಿರಿ.

ಹೀಗಿರುವಾಗ ನಿರ್ಮಲ ಬಂದ. ನಿತ್ಯ ಬಂದ. ನಿರಂಜನ ಬಂದ.

ನಿಶ್ಚಲನ ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು.

ಅವನು ಎದ್ದು ಗುರುಗಳ ಬಳಿ ಹೋದ. ಅವರು ಹಿತ್ತಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು.

"ಗುರುಗಳೇ, ಸತ್ತವನಿಗೆ ಪತ್ರ ಬಂದರೆ ಏನು ಮಾಡಬೇಕು?"

"ಸತ್ತವನನ್ನು ಕೇಳು."

"ಅವನು ಮಾತಾಡುವುದಿಲ್ಲ."

"ಮತ್ತೆ ನಿನಗ್ಯಾಕಯ್ಯಾ ಬೆವರು?"

ನಿಶ್ಚಲ ಬೆವರು ಒರೆಸಿಕೊಂಡು ಹಿಂದಿರುಗಿದ. ಸತ್ತವನು ಮಾತಾಡುವುದಿಲ್ಲ ಎಂಬ ತನ್ನ ಮಾತನ್ನೇ ಗುರುಗಳು ಒಪ್ಪಿದರೆಂದುಕೊಂಡ. ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಶಿಷ್ಯರಿಗೆ ಬೇಗ ಬೆಳೆಯುತ್ತದೆ.

ಯಂತ್ರದಲ್ಲಿ ತಳವಿಲ್ಲದ ಗುಂಡಿಯೊಂದು ಇರುತ್ತದೆ. ಅದಕ್ಕೆ ಬಿದ್ದದ್ದು ಹಿಂದಿರುಗುವುದಿಲ್ಲ, ನಕಲೂ ಉಳಿಯುವುದಿಲ್ಲ, ಬಿದ್ದ ಸದ್ದೂ ಆಗುವುದಿಲ್ಲ. ನಿಶ್ಚಲ ಹೊಸದೊಂದು ಸಾಲು ಬರೆದ. ಎಡಕ್ಕೆ ಬಿಳಿಗಿರಿ, ಬಲಕ್ಕೆ ಆ ಗುಂಡಿ.

ಅಂದಿನಿಂದ ಬಿಳಿಗಿರಿಯ ಹೆಸರು ಪರದೆಗೆ ಬರಲಿಲ್ಲ. ವಿಚಿತ್ರವೆಂದರೆ ಉಳಿದ ಹೆಸರುಗಳೂ ನಿಂತುಹೋದವು. ಯಾವ ಸನ್ಯಾಸಿಯೂ ಬರಲಿಲ್ಲ.

ನಿಶ್ಚಲ ಹಗುರವಾದ. ಆದರೆ ಬರಬರುತ್ತಾ ಆ ಖಾಲಿ ಪರದೆಯನ್ನು ನೋಡುವುದು ಕಷ್ಟವಾಯಿತು. ಗುಂಡಿಗೆ ಏನು ಬೀಳುತ್ತಿದೆ, ಎಷ್ಟು ಬೀಳುತ್ತಿದೆ, ತಿಳಿಯುವ ದಾರಿ ಇರಲಿಲ್ಲ. ಧ್ಯಾನಕ್ಕೆ ಕಣ್ಣು ಮುಚ್ಚಿದರೆ ಎಲ್ಲೋ ಒಳಗೆ ಸದ್ದಿಲ್ಲದೆ ಏನೋ ಬೀಳುತ್ತಲೇ ಇರುವಂತೆ ಅನಿಸುತ್ತಿತ್ತು.

ಊಟದ ಪಂಕ್ತಿ ಎದ್ದ ಮೇಲೆ ಗುರುಗಳು ಅವನನ್ನು ಕರೆದು, ಪತ್ರ ನಿಂತವೇ ಎಂದು ಕೇಳಿದರು. ನಿಂತವು ಎಂದ. ಹೇಗೆ ನಿಲ್ಲಿಸಿದೆ ಎಂದರು. ಅವನು ಅಕ್ಕನೊಬ್ಬಳು ಹೆಸರು ಹೆಸರಿಗೂ ಬರೆದದ್ದನ್ನೂ ಗುಂಡಿಯ ವಿಷಯವನ್ನೂ ಹೇಳಿದ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಗುರುಗಳು ಎಲೆ ಮಡಿಸುತ್ತಾ ಕೇಳಿದರು. "ಒಬ್ಬಳು ತಮ್ಮನನ್ನು ಹುಡುಕಿಕೊಂಡು ಕೇರಿಯ ಬಾಗಿಲು ಬಾಗಿಲು ಬಡಿಯುತ್ತಾಳೆ. ಎಲ್ಲ ಮನೆಯೊಳಗಿಂದಲೂ, ಇಲ್ಲಿಲ್ಲ ಹೋಗು ಅನ್ನುತ್ತಾರೆ. ಒಂದು ಮನೆಯೊಳಗಿಂದ ಮಾತ್ರ ಸದ್ದೇ ಇಲ್ಲ. ಅವಳು ಯಾವ ಬಾಗಿಲಲ್ಲಿ ಕೂರುತ್ತಾಳೆ?"

ನಿಶ್ಚಲನಿಗೆ ಆಗ ಹೊಳೆಯಿತು. ಇಲ್ಲ ಎಂದು ಹಿಂದಿರುಗದೆ ಹೋದ ಹೆಸರು ಒಂದೇ ಒಂದು. ಮಂಚಮ್ಮ ಬೇರೆ ಹೆಸರು ತಡವುವುದನ್ನು ಬಿಟ್ಟದ್ದು ಸೋತು ಅಲ್ಲ.

ಸಾಲು ಅಳಿಸಲು ಓಡಿದ. ಬೆರಳು ಅಲ್ಲೇ ನಿಂತಿತು. ಅಳಿಸಿದರೆ ಯಂತ್ರ ಮತ್ತೆ ಇಲ್ಲ ಎನ್ನುತ್ತದೆ. ನಿನ್ನೆ ಸುಮ್ಮನಿದ್ದದ್ದು ಇಂದು ಇಲ್ಲ ಎಂದರೆ, ಒಳಗೆ ಒಂದು ಕೈ ಅಲುಗಿತೆಂದು ಅವಳಿಗೆ ತಿಳಿಯುತ್ತದೆ. ಇದ್ದೇನೆ ಎಂದು ಬರೆದರೆ ನಿಶ್ಚಲ ಸುಳ್ಳಾಗುತ್ತಾನೆ. ಬರೆಯದಿದ್ದರೆ ಅವ್ವ ಬದುಕಿರುವ ಮಗನಿಗೆ ಎಡೆ ಇಡುತ್ತಾಳೆ.

ಅವನು ಯಾವುದನ್ನೂ ಮಾಡಲಿಲ್ಲ. ಅದಕ್ಕೆ ವೈರಾಗ್ಯ ಎಂದು ಹೆಸರಿಟ್ಟುಕೊಂಡ.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡಲು ಬಂದ ಜನ ನದಿಯ ಮೆಟ್ಟಿಲುಗಳ ತುಂಬ ಬಾಳೆಲೆ ಹಾಸಿದ್ದರು. ಕಾಗೆಗಳಿಗೆ ಹಬ್ಬ.

ಮಂಚಮ್ಮ ಬುತ್ತಿಯ ಗಂಟು ಹಿಡಿದು ಕಚೇರಿಯ ಕಿಟಕಿಗೆ ಬಂದಳು. ಒಳಗೆ ನಿಶ್ಚಲನೊಬ್ಬನೇ ಕೂತಿದ್ದ. ಬೋಳು ತಲೆ, ಕಾವಿ, ಬತ್ತಿದ ಕೆನ್ನೆ. ಅವಳಿಗೆ ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

"ಬಿಳಿಗಿರಿ ಅಂತ ಯಾರಾದ್ರೂ ಅವ್ರಾ ಸ್ವಾಮಿ?"

"ಈ ಹೆಸರಿನವರು ಇಲ್ಲಿ ಯಾರೂ ಇಲ್ಲ."

ತನ್ನ ಬಾಯಿಂದ ಯಂತ್ರ ಮಾತಾಡಿದ್ದು ಅವನಿಗೇ ಕೇಳಿಸಿತು.

ಅವಳು ಅವನ ತುಟಿಗಳನ್ನೇ ನೋಡಿದಳು. "ಮಿಷನ್ನೂ ಇದೇ ಹೇಳ್ತಿತ್ತು. ಆಮೇಕೆ ಬಾಯಿ ಮುಚ್ಕತ್ತು. ಯಾರೋ ಬಾಯಿಗೆ ಕೈ ಅಡ್ಡ ಇಟ್ರೇನೋ ಅನ್ಕಂಡೆ." ಗಂಟನ್ನು ಸೊಂಟಕ್ಕೆ ಏರಿಸಿಕೊಂಡಳು. "ನೀವು ಸ್ವಾಮಿಗಳು, ಸುಳ್ಳು ಹೇಳಕಿಲ್ಲ. ಹಂಗಾದ್ರೆ ಸತ್ತೋಗವನೆ. ಎಡೆ ಇಟ್ಬುಟ್ಟು ಹೋಯ್ತೀನಿ."

ಮೆಟ್ಟಿಲಿಳಿದು ಕೊನೆಯಲ್ಲಿ ಎಲೆ ಹಾಕಿದಳು. ಅನ್ನ ಬಡಿಸಿದಳು. ಅದರ ಪಕ್ಕದಲ್ಲಿ, ಸತ್ತವನಿಗೆ ಇಷ್ಟವಾದದ್ದನ್ನೇ ಇಡಬೇಕಲ್ಲ, ಹುರಿದ ಮೀನು ಇಟ್ಟಳು. ಶಿಷ್ಯರು ಮೂಗು ಮುಚ್ಚಿಕೊಂಡು ಗುರುಗಳ ಬಳಿ ಓಡಿದರು, ಆಶ್ರಮದ ದಡ ಮೈಲಿಗೆಯಾಯಿತೆಂದು. ಮೀನು ನದಿಯಲ್ಲೇ ಹುಟ್ಟಿದ್ದು, ನೀವಲ್ಲ ಎಂದು ಗುರುಗಳು ಅವರನ್ನು ಒಳಗೆ ಅಟ್ಟಿದರು.

"ಬಿಳಿ, ಬಾರಪ್ಪ, ಉಣ್ಣು ಬಾ," ಎಂದು ಮಂಚಮ್ಮ ಕರೆದಳು.

ಅಕ್ಕಪಕ್ಕದ ಎಲೆಗಳನ್ನು ಕಾಗೆಗಳು ಕಿತ್ತಾಡಿಕೊಂಡು ಬರಿದು ಮಾಡುತ್ತಿದ್ದವು. ಈ ಎಲೆಗೆ ಒಂದೂ ಇಳಿಯಲಿಲ್ಲ. ಅವಳು ಮತ್ತೆ ಕರೆದಳು. ಕಾಗೆಗಳು ಒಂದೊಂದಾಗಿ ಹಾರಿ ಬಂದು ಕಚೇರಿಯ ಗೋಡೆಯ ಮೇಲೆ ಸಾಲಾಗಿ ಕೂತವು. ಮೀನಿನ ಕಡೆ ಒಂದೂ ತಿರುಗಲಿಲ್ಲ. ಎಲ್ಲವೂ ಕತ್ತು ಓರೆ ಮಾಡಿ ಕಿಟಕಿಯೊಳಗೆ ನೋಡುತ್ತಿದ್ದವು.

ನಿಶ್ಚಲ ಹೊರಗೆ ಬಂದ. ಅವನ ಜೊತೆಗೇ ಅವುಗಳ ಕತ್ತೂ ತಿರುಗಿತು.

ಜನ ತಮ್ಮ ತಮ್ಮ ಮಾತು ನಿಲ್ಲಿಸಿ ಎದ್ದು ಸರಿದರು. ಮೆಟ್ಟಿಲ ಮೇಲೆ ಈಗ ನೀರಿನ ಸದ್ದು, ಮಂಚಮ್ಮನ ದನಿ, ಎರಡೇ. ಅವಳು ಹಿಂದಿರುಗಿ ನೋಡುತ್ತಿರಲಿಲ್ಲ. ನದಿಯ ಕಡೆಗೇ ಮುಖ ಮಾಡಿ ಕರೆಯುತ್ತಿದ್ದಳು. ದನಿ ಒಡೆಯುತ್ತಿತ್ತು.

ಗುರುಗಳು ಬಂದು ಅವನ ಪಕ್ಕದಲ್ಲಿ ನಿಂತರು.

"ನಾನು ಸತ್ತವನು, ಗುರುಗಳೇ," ಎಂದ ನಿಶ್ಚಲ. "ನೀವೇ ಕ್ರಿಯೆ ಮಾಡಿಸಿದ್ದು."

"ಹೂಂ. ಮಾಡಿಸಿದೆ."

"ಹಾಗಾದರೆ ಇವು ಯಾಕೆ ಹೀಗೆ ನೋಡುತ್ತಿವೆ?"

ಗುರುಗಳು ಗೋಡೆಯ ಮೇಲಿನ ಕಾಗೆಗಳನ್ನು ನೋಡಿದರು. ದಡದಲ್ಲಿ ಆವಿ ಕಳೆದುಕೊಳ್ಳುತ್ತಿದ್ದ ಅನ್ನವನ್ನು ನೋಡಿದರು.

"ಅವು ಮುಟ್ಟುವುದಿಲ್ಲ ಕಣಯ್ಯಾ. ಆರಿಹೋಗುವ ಮುಂಚೆ ನೀನೇ ಹೋಗಿ ಉಣ್ಣು."