ಅದ್ಯಾಕಪುರದ ಗೊಂಬೆ ಓಡಿದ್ದು

ಹತ್ತಿರ ಬನ್ನಿ, ಕೂತ್ಕೊಳ್ಳಿ. ಹೂಂಗುಟ್ಟುವವರು ಮುಂದೆ, ಆಕಳಿಸುವವರು ಹಿಂದೆ.

ಒಂದಾನೊಂದು ಊರಿನಲ್ಲಿ, ಅದರ ಹೆಸರು ಅದ್ಯಾಕಪುರ, ಬೋರಲಿಂಗ ಅಂತ ಒಬ್ಬ ಬಾಗಿಲು ಕಾಯುವವನಿದ್ದ. ಯಾರೇ ಬರಲಿ, ಏನೇ ಬರಲಿ, ಕೋಲು ಅಡ್ಡ ಹಿಡಿದು "ನಿನ್ನ ಅರ್ಥ ಏನು?" ಅಂತ ಕೇಳುವುದು ಅವನ ಕೆಲಸ. ಅರ್ಥ ಹೇಳಿದವರು ಒಳಗೆ, ಹೇಳದವರು ಹೊರಗೆ. ಕುಂಬಳಕಾಯಿ "ನಾನು ಸಮೃದ್ಧಿ" ಅಂದು ಉರುಳಿಕೊಂಡು ಒಳಗೆ ಹೋಗುತ್ತಿತ್ತು. ಹಾಗಲಕಾಯಿ "ನಾನು ಸತ್ಯ" ಅನ್ನುತ್ತಿತ್ತು. ಪಡವಲಕಾಯಿ ಮಾತ್ರ ಏನೂ ಹೊಳೆಯದೆ ಬಾಗಿಲಲ್ಲೇ ನೇತಾಡುತ್ತಲೇ ಇತ್ತು, ಪಾಪ.

ಆ ಊರಿನ ರಾಜ ತಿಮ್ಮರಸನಿಗೆ ಏಳು ರಾಜ್ಯಗಳ ಓಟದ ಪಂದ್ಯ ನಡೆಸುವ ಸರದಿ ಬಂತು. ಪಂದ್ಯ ಅಂದಮೇಲೆ ಜನರೆದುರು ಕುಣಿಯುವ ಒಂದು ಗೊಂಬೆವೇಷ ಬೇಕಲ್ಲ? ಈಗಿನವರು ಮ್ಯಾಸ್ಕಾಟ್ ಅನ್ನುತ್ತಾರಲ್ಲ, ಅದೇ. ಇಡೀ ವರ್ಷ ಆಸ್ಥಾನದಲ್ಲಿ ಅದೇ ಮಾತು.

"ಆನೆಯ ಕಿವಿ ಇರಲಿ. ಅದು ತಾಳ್ಮೆ" ಅಂದ ಒಬ್ಬ ಮಂತ್ರಿ.

"ನವಿಲಿನ ಬಾಲ ಇರಲಿ. ಅದು ಚೆಲುವು" ಅಂದ ಇನ್ನೊಬ್ಬ.

"ಪಾರಿವಾಳದ ರೆಕ್ಕೆ ಇರಲೇಬೇಕು. ಅದು ಶಾಂತಿ!" ಅಂತ ಮೂರನೆಯವನು ಮೇಜು ಗುದ್ದಿದ.

"ಹೊಲಿಯುವ ದಾರ?" ಅಂದ ದರ್ಜಿ.

"ಅದು ಏಕತೆ. ಯಾರೂ ಕತ್ತರಿಸಕೂಡದು" ಅಂದ ರಾಜ.

ವೇಷ ಸಿದ್ಧವಾಯಿತು. ಬಟ್ಟೆ ತೂಗಿದರೆ ಎರಡು ಸೇರು. ಅರ್ಥ ಸೇರಿಸಿ ತೂಗಿದರೆ ಎರಡು ಮಣ. ಇದನ್ನು ಹೊರುವವರು ಯಾರು?

ಆ ಊರಲ್ಲಿ ಸಣ್ಣೀರವ್ವ ಅಂತ ಮಜ್ಜಿಗೆ ಮಾರುವವಳಿದ್ದಳು. ಮಜ್ಜಿಗೆ ಹುಳಿಯಾಗುವ ಮುಂಚೆ ಮನೆಮನೆ ಮುಟ್ಟಿಸಬೇಕು ಅಂತ ತಲೆ ಮೇಲೆ ಗಡಿಗೆ ಹೊತ್ತು ಓಡಿ ಓಡಿ ಅವಳ ಕಾಲು ಗಾಳಿಯಾಗಿದ್ದವು. ಪಂದ್ಯದಲ್ಲಿ ಒಂದು ಸಲ ಓಡಬೇಕು ಅನ್ನುವುದೇ ಅವಳ ಜೀವದ ಆಸೆ.

"ಬುದ್ಧೀ, ನಾನು ಓಡ್ತೀನಿ" ಅಂದಳು.

"ಓಡೋರು ಬೇಕಾದಷ್ಟು ಸಿಗ್ತಾರೆ ಕಣವ್ವ. ಎರಡು ಮಣ ಅರ್ಥ ಹೊರೋರು ಸಿಗ್ತಾರಾ?" ಅಂದ ರಾಜ. ಅವಳನ್ನು ವೇಷದೊಳಗೆ ನಿಲ್ಲಿಸಿ ಹೊಲಿದೇ ಬಿಟ್ಟರು.

ಸಣ್ಣೀರವ್ವ ಒಳಗೇ ಅತ್ತಳು.

"ಅಳಬ್ಯಾಡ ಕಣವ್ವ, ನನ್ನ ಬಣ್ಣ ಬಿಡ್ತದೆ" ಅಂದಿತು ವೇಷ. "ನನಗೂ ಸುಮ್ನೆ ಕುಣಿಯೋ ಆಸೆ. ನನ್ನನ್ನ ಯಾರು ಕೇಳಿದ್ರು?"

ಪಂದ್ಯದ ದಿನ ಬಂತು. ಕೆರೆ ಏರಿಯಿಂದ ಓಟ. ಊರಬಾಗಿಲನ್ನು ಮೊದಲು ದಾಟಿದವರು ಗೆದ್ದ ಹಾಗೆ. ಆರು ರಾಜ್ಯದ ಆರು ಓಟಗಾರರು ಬಂದು ನಿಂತರು. ಏಳನೆಯ ಗೆರೆ ಖಾಲಿ.

"ನಮ್ಮೋನು ಎಲ್ಲಿ?" ಅಂದ ರಾಜ.

ಮಂತ್ರಿಗಳಿಗೆ ವರ್ಷವಿಡೀ ಅರ್ಥ ಹುಡುಕುವುದರಲ್ಲೇ ಆಗಿಹೋಗಿತ್ತು. ಓಟಗಾರನನ್ನು ಆರಿಸುವುದು ಮರೆತೇ ಹೋಗಿತ್ತು!

"ನಾನಿದ್ದೀನಲ್ಲ!" ಅಂದಳು ಸಣ್ಣೀರವ್ವ ವೇಷದೊಳಗಿಂದ. ಬಿಚ್ಚೋಣ ಅಂದರೆ ದಾರ ಏಕತೆ, ಕತ್ತರಿಸುವ ಹಾಗಿಲ್ಲ. "ಹಂಗೇ ಓಡವ್ವ" ಅಂದ ರಾಜ.

ಓಡಿದಳು. ಎಲ್ಲರಿಗಿಂತ ಹಿಂದೆ ಓಡಿದಳು. ಆದರೆ ಅವಳು ಓಡುವ ರಭಸಕ್ಕೆ ಅರ್ಥಗಳು ಕಿತ್ತುಕೊಂಡು ಮುಂದೆ ಹಾರಿದವು. ಆನೆಯ ಕಿವಿ ಒಬ್ಬನ ತಲೆಗೆ ಅಂಟಿತು. ಅವನಿಗೆ ತಾಳ್ಮೆ ಬಂದು, ದಾರಿಬದಿಯ ಮುದುಕನ ಮಂಡಿನೋವಿನ ಕತೆ ಕೇಳುತ್ತಾ ಕೂತ. ನವಿಲಿನ ಬಾಲ ಇನ್ನೊಬ್ಬನ ಬೆನ್ನಿಗೆ ಅಂಟಿತು. ಅವನು ಅದನ್ನು ನೋಡಲು ನಿಂತಲ್ಲೇ ಸುತ್ತತೊಡಗಿದ. ಪಾರಿವಾಳದ ರೆಕ್ಕೆ ಇಬ್ಬರ ನಡುವೆ ಬಿತ್ತು. "ಶಾಂತಿ ನಂದು!" "ನಂದು!" ಅಂತ ಇಬ್ಬರೂ ಜುಟ್ಟು ಹಿಡಿದುಕೊಂಡರು. ಕೊನೆಗೆ ದಾರ ತಾನೇ ಬಿಚ್ಚಿಕೊಂಡು, ಉಳಿದಿಬ್ಬರ ಕಾಲಿಗೆ ಸುತ್ತಿ, ಇಬ್ಬರನ್ನೂ ಒಂದು ಮಾಡಿತು.

"ಬತ್ತೀನಿ ಕಣವ್ವ, ಹಗುರಾಯ್ತು!" ಅಂದು ಬರೀ ಬಟ್ಟೆ ಕುಣಿಯುತ್ತಾ ಕೆರೆ ಕಡೆ ಹೋಯಿತು.

ಸೀರೆ ಎತ್ತಿ ಕಟ್ಟಿದ ಸಣ್ಣೀರವ್ವ ಊರಬಾಗಿಲು ಮುಟ್ಟಿದಳು. ಇನ್ನೊಂದೇ ಹೆಜ್ಜೆ. ಬೋರಲಿಂಗ ಕೋಲು ಅಡ್ಡ ಹಿಡಿದ.

"ನಿನ್ನ ಅರ್ಥ ಏನು?"

"ಎಲ್ಲಾ ದಾರೀಲಿ ಬಿದ್ದೋಯ್ತಣ್ಣ."

"ಹಂಗಾದ್ರೆ ಒಳಗೆ ಬಿಡಾಕಿಲ್ಲ."

ಹಿಂದಿನಿಂದ ಕಾಲು ಕಟ್ಟಿಕೊಂಡ ಇಬ್ಬರು ಕುಪ್ಪಳಿಸಿಕೊಂಡು ಬರುತ್ತಿದ್ದರು. "ನಾವು ಏಕತೆ! ನಾವು ಏಕತೆ!" ಅಂತ ದೂರದಿಂದಲೇ ಕೂಗುತ್ತಿದ್ದರು. ಸಣ್ಣೀರವ್ವ ಬೋರಲಿಂಗನ ಕಡೆ ತಿರುಗಿದಳು.

"ಅದಿರ್ಲಿ, ನಿನ್ನ ಅರ್ಥ ಏನಣ್ಣ?" ಅಂದಳು.

ಇಪ್ಪತ್ತು ವರ್ಷದಲ್ಲಿ ಬೋರಲಿಂಗನನ್ನು ಯಾರೂ ಈ ಮಾತು ಕೇಳಿರಲಿಲ್ಲ. ಅವನು ಯೋಚಿಸಲು ಕೋಲನ್ನು ಗಲ್ಲಕ್ಕೆ ಊರಿಕೊಂಡ. ದಾರಿ ತೆರವಾಯಿತು. ಸಣ್ಣೀರವ್ವ ಒಳಗೆ ಕಾಲಿಟ್ಟಳು. ಗೆದ್ದಳು! ಖುಷಿಗೆ ಮತ್ತೆ ಅತ್ತಳು. ಈ ಸಲ ಯಾರ ಬಣ್ಣವೂ ಬಿಡಲಿಲ್ಲ. ಅವಳ ಹಿಂದೆಯೇ ಪಡವಲಕಾಯಿಯೂ ಸದ್ದಿಲ್ಲದೆ ನುಸುಳಿತು.

ರಾಜನಿಗೆ ಆನಂದವೋ ಆನಂದ. "ಮುಂದಿನ ಪಂದ್ಯಕ್ಕೆ ಸಣ್ಣೀರವ್ವನೇ ಗೊಂಬೆ! ಅವಳ ಗಡಿಗೆಗೆ ಒಂದು ಅರ್ಥ, ಸೆರಗಿಗೆ ಒಂದು ಅರ್ಥ..." ಅಂದ. ಅವಳು ಮತ್ತೆ ಓಟ ಕಿತ್ತಳು. ಪಂದ್ಯದಲ್ಲಿ ಓಡಿದ್ದಕ್ಕಿಂತಲೂ ಜೋರಾಗಿ.

ಬೋರಲಿಂಗ ಇನ್ನೂ ಯೋಚಿಸುತ್ತಾ ನಿಂತಿದ್ದಾನೆ. ಅದಕ್ಕೇ ನೋಡಿ, ನನ್ನ ಕತೆಯೂ ಅವನನ್ನು ದಾಟಿ ನಿಮ್ಮ ತನಕ ಬಂತು. ಇದರ ನೀತಿ ಏನು ಅಂತ ಕೇಳುವವರು ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತುಕೊಳ್ಳಿ. ಉಳಿದವರಿಗೆ ಮಜ್ಜಿಗೆ ಇದೆ, ಹುಳಿಯಾಗುವ ಮುಂಚೆ ಕುಡಿದು ಮಲಗಿ.