ಗೋಡೆ ದಾಟಿ ಬರುವುದು

"ಬುದ್ಧಿ, ಹಳೆಯ ಕಟ್ಟಳೆಯನ್ನು ಕಿತ್ತುಹಾಕುವುದು ಸರಿಯೋ, ಇದ್ದ ಹಾಗೇ ಉಳಿಸಿಕೊಳ್ಳುವುದು ಸರಿಯೋ?" ಎಂದು ಚನ್ನವೀರ ಗುರುಗಳನ್ನು ಕೇಳಿದ.

ಚನ್ನವೀರ ಮಹಾನಗರದ ಯೋಜನಾ ಕಚೇರಿಯಲ್ಲಿದ್ದ. ಎಲ್ಲಿ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಅಜ್ಜಂದಿರ ಕಾಲದಲ್ಲಿ ಬರೆದಿಟ್ಟ ನಿಯಮಗಳನ್ನು ಹೊಸದಾಗಿ ಬರೆಯುವ ಹೊಣೆ ಅವನ ಹೆಗಲಿಗೆ ಬಿದ್ದಿತ್ತು. ಕೆಲವರು ಎಲ್ಲವನ್ನೂ ಅಳಿಸು ಎನ್ನುತ್ತಿದ್ದರು. ಕೆಲವರು ಒಂದಕ್ಷರ ಮುಟ್ಟಬೇಡ ಎನ್ನುತ್ತಿದ್ದರು. ಯಾರ ಮಾತು ಕೇಳಬೇಕೆಂದು ತೋಚದೆ ಅವನು ಮಠಕ್ಕೆ ಬಂದಿದ್ದ.

"ಕೂತುಕೋ" ಎಂದರು ಗುರುಗಳು. "ನಿನ್ನ ಕೆಲಸವನ್ನೇ ಮಾಡಿದ ಒಬ್ಬನ ಕತೆ ಹೇಳುತ್ತೇನೆ."

ಒಂದು ದೊಡ್ಡ ನಗರ. ಬಹಳ ಹಿಂದೆ ಅಲ್ಲಿನ ಮನೆಗಳಿಗೆಲ್ಲ ಹುಲ್ಲಿನ ಮಾಡು. ಒಂದು ಬೇಸಿಗೆಯಲ್ಲಿ ಯಾರದೋ ಒಲೆಯ ಕಿಡಿ ಹಾರಿ ಊರಿಗೆ ಊರೇ ಸುಟ್ಟುಹೋಯಿತು. ಆಗಿನ ರಾಜ ಒಂದು ಕಟ್ಟಳೆ ಮಾಡಿದ. ಮಾರುವುದಕ್ಕೆಂದು ಅಡುಗೆ ಮಾಡುವವರು ಹೊಳೆಯ ದಡದಲ್ಲೇ ಒಲೆ ಹೂಡಬೇಕು. ಉಳಿದ ಎಲ್ಲ ಕಸುಬುಗಳೂ ಪೇಟೆಯಲ್ಲೇ ನಡೆಯಬೇಕು. ಪೇಟೆಯಲ್ಲಿ ಯಾರೂ ವಾಸ ಮಾಡಕೂಡದು, ವಾಸದ ಬೀದಿಯಲ್ಲಿ ಯಾರೂ ಕಸುಬು ಮಾಡಕೂಡದು.

ಕಾಲ ಕಳೆಯಿತು. ಹುಲ್ಲು ಹೋಗಿ ಹೆಂಚು ಬಂತು. ಊರು ಬೆಳೆದು ಬೆಳೆದು ಹೊಳೆ ದೂರವಾಯಿತು. ಕಟ್ಟಳೆ ಮಾತ್ರ ಇದ್ದಲ್ಲೇ ಇತ್ತು.

ಜನ ಅದನ್ನು ಸದ್ದಿಲ್ಲದೆ ಮುರಿಯುತ್ತಿದ್ದರು. ವಾಸದ ಬೀದಿಯೊಂದರಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ತಾಯಿಯನ್ನು ಒಂಟಿ ಬಿಟ್ಟು ಹೊಳೆಯ ದಡಕ್ಕೆ ಹೋಗುವಂತಿರಲಿಲ್ಲ. ಕಾವಲಿನವನು ಬಂದಾಗಲೆಲ್ಲ, ಊಟಕ್ಕೆ ಕೂತವರು ತನ್ನ ನೆಂಟರು ಎನ್ನುತ್ತಿದ್ದಳು.

"ದಿನಾ ಇಷ್ಟೊಂದು ಜನ ನೆಂಟರೇನಮ್ಮ?"

"ನಮ್ಮದು ದೊಡ್ಡ ಬಳಗ ಸ್ವಾಮಿ. ನೀವೂ ಕೂತುಕೊಳ್ಳಿ, ನೀವೇನು ಹೊರಗಿನವರೇ?"

ಕಾವಲಿನವನು ಕೋಲನ್ನು ಗೋಡೆಗೆ ಒರಗಿಸಿ ಕೂತುಬಿಡುತ್ತಿದ್ದ. ಅದೇ ಬೀದಿಯಲ್ಲಿ ರಾಜನ ಅಧಿಕಾರಿಯೊಬ್ಬನ ಮನೆ. ಅವನೂ ಆ ಬಳಗಕ್ಕೆ ಸೇರಿದವನೇ. ಅರಮನೆಗೆ ಹೋಗುವ ಮುಂಚೆ ಎರಡು ರೊಟ್ಟಿ ತಿನ್ನದಿದ್ದರೆ ಅವನಿಗೆ ಕೆಲಸ ಓಡುತ್ತಿರಲಿಲ್ಲ.

ರಾಜನಿಗೆ ಈ ಸಂಗತಿಗಳೆಲ್ಲ ಕಿವಿಗೆ ಬಿದ್ದವು. ಅವನು ಆ ಅಧಿಕಾರಿಯನ್ನು ಕರೆಸಿ, "ಊರೆಲ್ಲ ಮುರಿಯುವ ಕಟ್ಟಳೆ ಇದ್ದೇನು ಫಲ? ಈ ಕಾಲಕ್ಕೆ ಒಗ್ಗುವ ಹಾಗೆ ಬೇರೆ ಬರೆ" ಎಂದ.

ಅಧಿಕಾರಿಗೆ ಅದು ಬಹಳ ಸುಲಭವೆನಿಸಿತು. ಹೊಸದನ್ನು ಬರೆಯುವ ಗೊಡವೆಯೇ ಬೇಡವೆಂದು ಹಳೆಯದನ್ನು ಅಳಿಸಿಬಿಟ್ಟ. ಯಾರು ಎಲ್ಲಿ ಏನು ಬೇಕಾದರೂ ಮಾಡಬಹುದೆಂದು ಡಂಗುರ ಸಾರಿಸಿದ. ಜನ ಅವನಿಗೆ ಹಾರ ಹಾಕಿದರು. ರೊಟ್ಟಿಯವಳು ಅಂದು ಅವನ ತಟ್ಟೆಗೆ ಬೆಣ್ಣೆ ಹೆಚ್ಚಾಗಿ ಹಾಕಿದಳು.

ಸ್ವಲ್ಪ ದಿನಕ್ಕೆ ನೂಲಿಗೆ ಬಣ್ಣ ಹಾಕುವವನೊಬ್ಬ ಅದೇ ಬೀದಿಯಲ್ಲಿ ಮನೆ ಹಿಡಿದ. ಬಾವಿಯ ಪಕ್ಕದಲ್ಲೇ ಹಂಡೆಗಳನ್ನು ಹೂಡಿದ. ಮಿಕ್ಕ ನೀರನ್ನು ಅಲ್ಲೇ ಚೆಲ್ಲಿದ. ಬಾವಿಯ ನೀರು ಮೊದಲು ತಿಳಿ ನೀಲಿಯಾಯಿತು, ಆಮೇಲೆ ಕಡು ನೀಲಿಯಾಯಿತು. ಅಧಿಕಾರಿಯ ಮನೆಯಲ್ಲಿ ಒಗೆದ ಬಿಳಿ ರುಮಾಲು ನವಿಲಿನ ಬಣ್ಣಕ್ಕೆ ತಿರುಗಿತು. ಬೇರೆ ರುಮಾಲಿಲ್ಲದೆ ಅವನು ಅದನ್ನೇ ಸುತ್ತಿಕೊಂಡು ಆಸ್ಥಾನಕ್ಕೆ ಹೋದ. ರಾಜ ನಕ್ಕ. ರಾಜ ನಕ್ಕದ್ದನ್ನು ಕಂಡು ಆಸ್ಥಾನವೆಲ್ಲ ನಕ್ಕಿತು.

ಅವಮಾನದಿಂದ ಅಧಿಕಾರಿಗೆ ರೇಗಿತು. ಮಾರನೆಯ ದಿನವೇ ಹಳೆಯ ಕಟ್ಟಳೆಯನ್ನು ಮತ್ತೆ ತಂದ. ಈ ಸಲ ಕಾವಲಿನವರಿಗೆ ಯಾರನ್ನೂ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಬಣ್ಣದವನ ಹಂಡೆಗಳು ಗಾಡಿ ಹತ್ತಿದವು. ಅದೇ ಹೊತ್ತಿಗೆ ರೊಟ್ಟಿಯವಳ ಒಲೆಯೂ ಆರಿತು.

ಬೀದಿ ಬಿಕೋ ಎನ್ನತೊಡಗಿತು. ಅಧಿಕಾರಿ ಹಸಿದ ಹೊಟ್ಟೆಯಲ್ಲಿ ಅರಮನೆಗೆ ಹೋಗುತ್ತಿದ್ದ. ಹೊಟ್ಟೆಗಿಂತ ಹೆಚ್ಚಾಗಿ ಮನಸ್ಸು ಅವನನ್ನು ಕಾಡುತ್ತಿತ್ತು. ರೊಟ್ಟಿಯವಳ ಮನೆಯ ಮುಂದೆ ಹಾದುಹೋಗುವಾಗ ಅವನು ತಲೆ ತಗ್ಗಿಸುತ್ತಿದ್ದ. ಅವಳು ಬಯ್ಯಲಿಲ್ಲ. ಅವಳು ತಾಯಿಯ ಕಡಗವನ್ನು ಮಾರಿದಳೆಂದು ಅವನಿಗೆ ಯಾರೋ ಹೇಳಿದರು.

ಆ ದಿನ ಅವನು ಅರಮನೆಗೆ ಹೋಗಲಿಲ್ಲ. ಅವಳ ಮನೆಗೆ ಹೋಗುವ ಧೈರ್ಯವೂ ಬರಲಿಲ್ಲ. ಅವಳ ಪಕ್ಕದ ಮನೆಯ ಜಗಲಿಯ ಮೇಲೆ ಹೋಗಿ ಕೂತ. ಅಲ್ಲೊಬ್ಬ ಮುದುಕ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಏನಾದರೂ ಮಾತಾಡಬೇಕಲ್ಲ ಎಂದು ಅಧಿಕಾರಿ ಕೇಳಿದ.

"ಯಜಮಾನರೇ, ಈ ಒಲೆಯಿಂದ ನಿಮಗೇನಾದರೂ ತೊಂದರೆಯಿತ್ತೇ?"

"ಇತ್ತೇ ಎಂದೇಕೆ ಕೇಳುತ್ತೀಯಪ್ಪ? ಈಗ ಆಗಿದೆ ತೊಂದರೆ. ಚಳಿಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ, ಬೆಚ್ಚಗಿರುತ್ತಿತ್ತು. ಯಾವನೋ ಪುಣ್ಯಾತ್ಮ ಆರಿಸಿಬಿಟ್ಟ."

ಆ ಪುಣ್ಯಾತ್ಮ ಯಾರೆಂದು ಮುದುಕನಿಗೆ ಗೊತ್ತಿರಲಿಲ್ಲ. ಅಧಿಕಾರಿಯೂ ಹೇಳಲಿಲ್ಲ. ಆದರೆ ಅವನ ತಲೆಯಲ್ಲಿ ಏನೋ ಕದಲಿತು. ಎದ್ದು ಮುಂದಿನ ಬೀದಿಗೆ ಹೋದ. ಅಲ್ಲಿಂದ ಇನ್ನೊಂದಕ್ಕೆ ಹೋದ. ಎಲ್ಲಿ ಹೋದರೂ ಕಸುಬಿನವರನ್ನು ಬಿಟ್ಟು ಅವರ ನೆರೆಯವರನ್ನೇ ಮಾತಾಡಿಸಿದ. ಅಕ್ಕಸಾಲಿಯ ನೆರೆಯವಳು, ಅಲ್ಲೊಬ್ಬ ಅಕ್ಕಸಾಲಿ ಇರುವುದೇ ಮರೆತುಹೋಗಿತ್ತು ಎಂದಳು. ಕಂಚುಗಾರನ ನೆರೆಯವನು ಒಂದು ಮಾತನ್ನು ಎರಡು ಸಲ ಕೂಗಿಸಿಕೊಂಡ. ಕಂಚು ಬಡಿಯುವ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಒಬ್ಬ ದೊಡ್ಡ ವರ್ತಕ ವಾಸದ ಬೀದಿಯಲ್ಲಿ ಯಾವ ಕಸುಬೂ ಮಾಡದೆ ಮನೆಯ ಮೇಲೆ ಮನೆ ಕಟ್ಟಿದ್ದ. ಅವನ ನೆರೆಯ ಹೆಂಗಸಿನ ಅಂಗಳದಲ್ಲಿ ಬಿಸಿಲು ಬೀಳದೆ ಹಪ್ಪಳ ಒಣಗುವುದು ನಿಂತೇಹೋಗಿತ್ತು. ಹಳೆಯ ಕಟ್ಟಳೆಯ ಪ್ರಕಾರ ಆ ವರ್ತಕನದು ಏನೂ ತಪ್ಪಿರಲಿಲ್ಲ.

ಅಧಿಕಾರಿ ಮನೆಗೆ ಬಂದು ಹೊಸ ಕಟ್ಟಳೆ ಬರೆದ. ಅದು ಬಹಳ ಚಿಕ್ಕದಾಗಿತ್ತು. ಯಾರ ಮನೆಯಲ್ಲಿ ಯಾವ ಕೆಲಸ ಬೇಕಾದರೂ ನಡೆಯಲಿ. ಹೊಗೆ, ಗದ್ದಲ, ಹೊಲಸು ನೀರು ಗೋಡೆ ದಾಟಿ ಆಚೆ ಹೋಗದಿರಲಿ. ನೆರೆಯವನ ಬಿಸಿಲನ್ನು ಯಾರೂ ಕಸಿಯದಿರಲಿ. ಹೊಗೆ, ಗದ್ದಲ ದಾಟದೆ ನಡೆಯದ ಕಸುಬಿಗೆ ಊರೇ ಜಾಗ ಹುಡುಕಿಕೊಡಲಿ. ತಕರಾರು ಬಂದರೆ ನೆರೆಯವನ ಮಾತನ್ನು ಮೊದಲು ಕೇಳಲಿ.

ಬಣ್ಣದವನಿಗೆ ಊರಿನ ಕೆಳಗಡೆ, ಕುಡಿಯುವ ನೀರಿಗೆ ಸಂಬಂಧವಿಲ್ಲದ ಕಡೆ ಜಾಗ ಸಿಕ್ಕಿತು. ಮೊದಲು ಗೊಣಗಿದ. ಜಾಗ ವಿಶಾಲವಾಗಿದ್ದದ್ದನ್ನು ಕಂಡು ಇನ್ನಷ್ಟು ಹಂಡೆ ಇಟ್ಟ. ಕಂಚುಗಾರ ಇಬ್ಬರು ಗೆಳೆಯರನ್ನು ಕರೆದುಕೊಂಡು ಅವನ ಪಕ್ಕಕ್ಕೇ ಹೋದ. ವರ್ತಕ ಮಾತ್ರ ಬಹಳ ದಿನ ಜಗಳವಾಡಿದ. ಕೊನೆಗೆ ಮೇಲಿನ ಒಂದು ಅಂತಸ್ತನ್ನು ಇಳಿಸಿದ. ಇಳಿಸಿದ ಮೇಲೆ ಪಕ್ಕದ ಮನೆಯಿಂದ ಅವನಿಗೆ ಒಂದು ಕಟ್ಟು ಹಪ್ಪಳ ಬಂತು.

ರೊಟ್ಟಿಯವಳ ಒಲೆ ಮತ್ತೆ ಹತ್ತಿತು. ಅಧಿಕಾರಿ ಹಿಂಜರಿಯುತ್ತಲೇ ಬಾಗಿಲಿಗೆ ಬಂದು ನಿಂತ. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಇಷ್ಟು ದಿನ ಎಲ್ಲಿ ಹೋಗಿದ್ದಿರಿ ನೆಂಟರು?" ಎಂದಳು. ಕೂತವರೆಲ್ಲ ನಕ್ಕರು. ಅವನೂ ನಕ್ಕ. ಅಂದು ಅವನು ಎಷ್ಟು ರೊಟ್ಟಿ ತಿಂದನೆಂದು ಎಣಿಸಿದವರಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು. ಬಂದಾಗ ಹೆಗಲ ಮೇಲಿದ್ದ ಭಾರ ಇಳಿದಂತೆ ಅವನು ನೆಟ್ಟಗೆ ಕೂತಿದ್ದ.

"ತಿಳಿಯಿತು ಬುದ್ಧಿ. ಆ ಕಟ್ಟಳೆಯನ್ನು ಇನ್ನೊಮ್ಮೆ ಹೇಳಿ. ನಮ್ಮ ನಗರಕ್ಕೂ ಅದನ್ನೇ ಬರೆದುಬಿಡುತ್ತೇನೆ. ನಾಳೆ ಬೆಳಿಗ್ಗೆಯೇ ಕಚೇರಿಯಲ್ಲಿ ಕೂತರೆ ಸಂಜೆಯೊಳಗೆ ಮುಗಿಯುತ್ತದೆ."

ಗುರುಗಳು ನಗುತ್ತಾ ಅವನ ಭುಜದ ಮೇಲೆ ಕೈಯಿಟ್ಟರು.

"ನಿನ್ನ ಪಕ್ಕದ ಮನೆಯಲ್ಲಿರುವವರ ಹೆಸರೇನು ಚನ್ನವೀರ?"

ಚನ್ನವೀರ ಎದ್ದು ನಿಂತ. ಆ ಹೆಸರು ಕೇಳಿಕೊಳ್ಳಲು ನೇರವಾಗಿ ತನ್ನ ಬೀದಿಯ ಕಡೆಗೆ ಹೊರಟ.