ಗುಲಾಬಿಯಾದ ಅಡ್ರಿನಲಿನ್

ವಾರ್ಡಿನ ಔಷಧಿ ಟ್ರೇಯಲ್ಲಿ ಅಡ್ರಿನಲಿನ್ ಮದ್ದು ತುಂಬಿದ ಆಂಪ್ಯೂಲ್ ಎಂಬ ಪುಟ್ಟ ಗಾಜಿನ ಸೀಸೆಗೆ ಮೊದಲ ಸ್ಥಾನ. ನಿಂತ ಹೃದಯವನ್ನು ಓಡಿಸುವ ತನಗೆ ಅದು ಸಲ್ಲಬೇಕಾದದ್ದೇ ಎಂದು ಅದರ ಎಣಿಕೆ. ಪಕ್ಕದ ಕಾರ್ವೆಡಿಲಾಲ್ ಮಾತ್ರೆಯನ್ನು ಅದು ಕೇಳಿತು: "ಓಡುವ ಹೃದಯಕ್ಕೆ ಕಡಿವಾಣ ಹಾಕುವುದಷ್ಟೇ ತಾನೇ ನಿನ್ನ ಕೆಲಸ?"

"ಇನ್ನೊಂದೂ ಇದೆ ಅಣ್ಣಾ," ಎಂದಿತು ಮಾತ್ರೆ. "ಆಮ್ಲಜನಕ ತಗುಲಿ ಕಬ್ಬಿಣಕ್ಕೆ ಹಿಡಿಯುವ ತುಕ್ಕಿನಂಥದ್ದು ಹೃದಯಕ್ಕೂ ಹಿಡಿಯುತ್ತದೆ. ಅದನ್ನು ನನ್ನ ಮೈಮೇಲೆ ಎಳೆದುಕೊಳ್ಳುತ್ತೇನೆ."

"ಅದೇನು ಮಹಾ! ಆ ವಿದ್ಯೆ ನನಗೂ ಗೊತ್ತು, ನೋಡುತ್ತಿರು," ಎಂದ ಆಂಪ್ಯೂಲ್ ಟ್ರೇಯಲ್ಲಿದ್ದ, ಬೆಳಕು ತಾಗದ ತನ್ನ ಡಬ್ಬಿಯಿಂದ ಉರುಳಿಬಂದು ಕಿಟಕಿಯ ಬಿಸಿಲಲ್ಲಿ ಎದೆಯುಬ್ಬಿಸಿ ನಿಂತಿತು. ದಿನ ಕಳೆದಂತೆ ತಿಳಿನೀರಿನಂತಿದ್ದ ಅದರ ಮದ್ದು ಗುಲಾಬಿಯಾಯಿತು. "ನೋಡಿದೆಯಾ? ತುಕ್ಕನ್ನೆಲ್ಲ ನುಂಗಿದ್ದೇನೆ. ಇದು ಗೆದ್ದವರ ಬಣ್ಣ!"

ಅಷ್ಟರಲ್ಲಿ ರೋಗಿಯೊಬ್ಬರ ಹೃದಯ ನಿಂತಿತು. ಐರಿನ್ ಸಿಸ್ಟರ್ ಓಡಿಬಂದು ಆಂಪ್ಯೂಲನ್ನು ಎತ್ತಿ ಬೆಳಕಿಗೆ ಹಿಡಿದರು. ಅದು ಇನ್ನಷ್ಟು ಬೀಗಿತು.

"ಬಿಸಿಲಿಗೆ ಮದ್ದು ಕೆಟ್ಟು ಬಣ್ಣ ತಿರುಗಿಬಿಟ್ಟಿದೆ," ಎಂದವರೇ ಅದನ್ನು ಕಸದ ಬುಟ್ಟಿಗೆಸೆದು, ಡಬ್ಬಿಯೊಳಗಿದ್ದ ಇನ್ನೊಂದನ್ನು ತೆಗೆದುಕೊಂಡು ಓಡಿದರು.

"ನಾನು ತುಕ್ಕು ನುಂಗಿದ್ದು ಸುಳ್ಳೇ?" ಎಂದು ಆಂಪ್ಯೂಲ್ ಬುಟ್ಟಿಯೊಳಗಿಂದ ಕೂಗಿತು.

"ನಿಜವೇ," ಎಂದಿತು ಮಾತ್ರೆ. "ಆದರೆ ಕಿಟಕಿಯಲ್ಲಿ ನಿಂತು ನುಂಗಿದ್ದು ಯಾವ ಹೃದಯದ ತುಕ್ಕು ಅಣ್ಣಾ?"